ಕೆರೆಗೆ ಏಳು ಯಜಮಾನರು, ಒಳಹರಿವಿಗೆ ಯಾರು?

ಪ್ರಶ್ನೆ: ಸರ್, ನಮ್ಮದು ಬೆಂಗಳೂರಿನ ಪೂರ್ವ ಭಾಗದ ಬಡಾವಣೆ. ಪಕ್ಕದಲ್ಲೇ ಸುಮಾರು 30 ಎಕರೆಯ ಕೆರೆ ಇದೆ. ನಾಲ್ಕು ವರ್ಷದ ಹಿಂದೆ ಹೂಳು ತೆಗೆದು, ಏರಿ ಗಟ್ಟಿ ಮಾಡಿ, ವಾಕಿಂಗ್ ಪಾತ್ ಹಾಕಿದರು. ಎರಡು ವರ್ಷ ಚೆನ್ನಾಗಿತ್ತು. ಈಗ ನೀರು ಪೂರ್ತಿ ಹಸಿರು, ಸಂಜೆಯಾದರೆ ವಾಸನೆ. ಕಳೆದ ಮೇನಲ್ಲಿ ಮೊದಲ ದೊಡ್ಡ ಮಳೆ ಬಂದ ಮರುದಿನ ಬೆಳಿಗ್ಗೆ ಸಾವಿರಾರು ಮೀನು ಸತ್ತು ತೇಲಿದವು. ಕೆರೆಗೆ ಮೂರು ಕಡೆಯಿಂದ ಕಾಲುವೆ ಸೇರುತ್ತದೆ. ಉತ್ತರದ ಕಾಲುವೆಯಲ್ಲಿ ಬೆಳಿಗ್ಗೆ ಹೊತ್ತು ನೊರೆ ಕಾಣುತ್ತದೆ. ಪಾಲಿಕೆಯವರನ್ನು ಕೇಳಿದರೆ ಕೊಳಚೆ ಜಲಮಂಡಳಿಯ ವಿಷಯ ಅಂತಾರೆ. ಜಲಮಂಡಳಿಯವರು ನಮ್ಮ ಲೈನ್ ಸರಿ ಇದೆ, ಜನ ಚರಂಡಿಗೆ ಬಿಡ್ತಾರೆ ಅಂತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ವರದಿಯಲ್ಲಿ ನಮ್ಮ ಕೆರೆಗೆ 'ಡಿ' ದರ್ಜೆ, ಅಂದರೆ ಮೀನಿಗೆ ಯೋಗ್ಯ! ಈಗ ಒಂದು ಕಂಪನಿ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ) ಹಣದಲ್ಲಿ 40 ಲಕ್ಷ ಕೊಡಲು ಮುಂದೆ ಬಂದಿದೆ. ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ), ತೇಲುವ ತೋಟ, ಎಂಜೈಮ್ ದ್ರಾವಣ ಹಾಕಿಸುತ್ತಾರಂತೆ. ನಮ್ಮಲ್ಲಿ ಕೆಲವರು ಗಣೇಶ ವಿಸರ್ಜನೆಯೇ ಕಾರಣ ಅಂತಾರೆ. ಕೆಲವರಿಗೆ ಮೀನು ಗುತ್ತಿಗೆದಾರನ ಮೇಲೆ ಅನುಮಾನ. ಇನ್ನು ಕೆಲವರು ಮೂರೂ ಕಾಲುವೆ ಮುಚ್ಚಿಸಿ ಅಂತಾರೆ. ಒಪ್ಪಂದಕ್ಕೆ ಸಹಿ ಹಾಕಬಹುದಾ? ಎಲ್ಲ ಇಲಾಖೆ ಸೇರಿಸಿ ಒಂದು ಸಮಿತಿ ಮಾಡಿದರೆ ಸರಿಹೋಗುತ್ತದಾ? ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುತ್ತಿಲ್ಲ. (ಕೆರೆ ಟ್ರಸ್ಟ್ ಒಂದರ ಕಾರ್ಯದರ್ಶಿ)

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಒಂದೇ ಸಾಲು. ಮೊದಲ ದೊಡ್ಡ ಮಳೆಯ ಮರುದಿನ, ಬೆಳಿಗ್ಗೆ. ಮೀನು ಯಾವಾಗ ಸತ್ತವು ಅನ್ನುವುದರಲ್ಲೇ ಯಾಕೆ ಸತ್ತವು ಅನ್ನುವುದಕ್ಕೆ ಅರ್ಧ ಉತ್ತರ ಇದೆ. ಅಲ್ಲಿಂದಲೇ ಶುರು ಮಾಡೋಣ. ಸಮಿತಿ, ಒಪ್ಪಂದ, 40 ಲಕ್ಷ ಎಲ್ಲ ಆಮೇಲೆ.

ನೀರು ಹಸಿರಾಗಿರುವುದು ಪಾಚಿಯಿಂದ. ಬಂಡೆಗೆ ಅಂಟುವ ಪಾಚಿ ಅಲ್ಲ, ಬರಿಗಣ್ಣಿಗೆ ಒಂದೊಂದಾಗಿ ಕಾಣದ ಸೂಕ್ಷ್ಮ ಪಾಚಿ, ನೀರಿನ ತುಂಬ. ಬಿಸಿಲಿದ್ದಾಗ ಅದು ಗಿಡದ ಹಾಗೆ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಇಂಥ ಕೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ ಆಮ್ಲಜನಕ ಅಳೆಯುವ ಮೀಟರ್ ಇಳಿಬಿಟ್ಟರೆ ಲೀಟರಿಗೆ 10 ಮಿಲಿಗ್ರಾಂ ದಾಟುವುದುಂಟು. ಅದೇ ಜಾಗಕ್ಕೆ ಬೆಳಗಿನ ಜಾವ ಐದಕ್ಕೆ ಹೋದರೆ 1 ಕೂಡ ಇರುವುದಿಲ್ಲ. ಇದನ್ನು ನಾನು ಎಷ್ಟೋ ಕೆರೆಗಳಲ್ಲಿ ನೋಡಿದ್ದೇನೆ. ನಿಮ್ಮ ಮೀನುಗಾರರನ್ನು ಕೇಳಿ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ಅವರು ತಿಂಗಳುಗಟ್ಟಲೆ ನೋಡಿರುತ್ತಾರೆ. ಯಾರೂ ಅವರನ್ನು ಕೇಳಿರುವುದಿಲ್ಲ ಅಷ್ಟೇ.

ಹೀಗೆ ದಿನಾ ಬೆಳಿಗ್ಗೆ ಉಸಿರು ಬಿಗಿಹಿಡಿದು ಬದುಕುವ ಕೆರೆಗೆ ಮೇ ತಿಂಗಳ ಮಳೆ ಬರುತ್ತದೆ. ಬೇಸಿಗೆಯಿಡೀ ಕಾಲುವೆಯ ತಳದಲ್ಲಿ ಕೂತ ಕಪ್ಪು ಕೆಸರೆಲ್ಲ ಒಂದೇ ಗಂಟೆಯಲ್ಲಿ ಕೊಚ್ಚಿಕೊಂಡು ಬಂದು ಕೆರೆಗೆ ಬೀಳುತ್ತದೆ. ಆ ಕೆಸರು ಕೊಳೆಯುತ್ತಾ ಆಮ್ಲಜನಕ ತಿನ್ನುತ್ತದೆ. ಜೊತೆಗೆ ಅಮೋನಿಯಾ. ಮೇಲೆ ಮೋಡ, ಹಾಗಾಗಿ ಪಾಚಿ ಹಗಲಲ್ಲೂ ಸರಿಯಾಗಿ ಆಮ್ಲಜನಕ ಬಿಡಲಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಗುತ್ತಿಗೆದಾರನ ಮೇಲಿನ ಅನುಮಾನ ಬಿಟ್ಟುಬಿಡಿ. ಮರಿ ಬಿಟ್ಟು, ಹಣ ಹಾಕಿ, ಹಿಡಿಯುವ ಹೊತ್ತಿಗೆ ಕಳೆದುಕೊಂಡವನು ಅವನೇ. ವಿಷ ಹಾಕಿದ್ದರೆ ಅದಕ್ಕೆ ಮಳೆಗಾಗಿ ಕಾಯಬೇಕಿರಲಿಲ್ಲ.

ಇನ್ನು 'ಡಿ' ದರ್ಜೆ. ಮಾಲಿನ್ಯ ಮಂಡಳಿ ಸುಳ್ಳು ಹೇಳಿದೆ ಅಂತ ನಿಮಗೆ ಅನಿಸಿದೆ. ಹಾಗಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ 'ಡಿ' ಅಂದರೆ ಮೀನು ಮತ್ತು ಜಲಚರಗಳಿಗೆ ಸಾಕಾಗುವ ನೀರು. ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಜಾಸ್ತಿ ಇರಬೇಕು, ಅಮೋನಿಯಾ 1.2ಕ್ಕಿಂತ ಹೆಚ್ಚಿರಬಾರದು. ಆದರೆ ಮಾದರಿ ತೆಗೆಯುವುದು ಆಫೀಸಿನ ಹೊತ್ತಿನಲ್ಲಿ, ತಿಂಗಳಿಗೊಮ್ಮೆ. ಹನ್ನೊಂದು ಗಂಟೆಗೆ ಪಾಚಿ ಆಗಲೇ ಕೆಲಸ ಶುರು ಮಾಡಿರುತ್ತದೆ. ಅಂದರೆ ಪಾಚಿ ಜಾಸ್ತಿಯಾದಷ್ಟೂ ಹಗಲಿನ ಆಮ್ಲಜನಕದ ಅಂಕಿ ಚೆಂದ ಕಾಣುತ್ತದೆ! ವರದಿ ಸರಿ, ಗಡಿಯಾರ ತಪ್ಪು.

ಹಾಗಾದರೆ ಇಷ್ಟು ಪಾಚಿ ಯಾಕೆ? ಊಟ ಸಿಗುತ್ತಿದೆ, ಅದಕ್ಕೆ. ಮುಖ್ಯವಾಗಿ ರಂಜಕ, ನಾವು ಫಾಸ್ಫರಸ್ ಅನ್ನುತ್ತೇವಲ್ಲ, ಅದು. ಮನುಷ್ಯನ ಮಲಮೂತ್ರ, ಸೋಪಿನ ಪುಡಿ, ಅಡುಗೆಮನೆ ನೀರು ಎಲ್ಲದರಲ್ಲೂ ಇರುತ್ತದೆ. ಒಬ್ಬರಿಂದ ದಿನಕ್ಕೆ ಹೆಚ್ಚುಕಡಿಮೆ ಒಂದರಿಂದ ಎರಡು ಗ್ರಾಂ. ಕೇಳಲು ಏನೂ ಅಲ್ಲ. ಒಂದು ಲೆಕ್ಕ ಹಾಕೋಣ ಬನ್ನಿ. ನಿಮ್ಮ 30 ಎಕರೆ ಕೆರೆ ಸರಾಸರಿ ಎರಡು ಮೀಟರ್ ಆಳ ಅಂದುಕೊಳ್ಳಿ. ಸುಮಾರು 24 ಕೋಟಿ ಲೀಟರ್ ನೀರು. ಒಂದು ಸಾವಿರ ಮನೆ, ನಾಲ್ಕು ಸಾವಿರ ಜನ, ಅವರ ಕೊಳಚೆ ಮಾತ್ರ ಕೆರೆಗೆ ಸೇರುತ್ತಿದೆ ಅನ್ನಿ. ತಲೆಗೆ ಒಂದೂವರೆ ಗ್ರಾಂ ಹಿಡಿದರೂ ದಿನಕ್ಕೆ 6 ಕೆಜಿ ರಂಜಕ. 24 ಕೋಟಿ ಲೀಟರಿಗೆ ಹಂಚಿದರೆ ಲೀಟರಿಗೆ 25 ಮೈಕ್ರೋಗ್ರಾಂ. ಒಂದು ಕೆರೆ ಪೋಷಕಾಂಶದಿಂದ ಅತಿಯಾಗಿ ಕೊಬ್ಬಿದೆ ಅಂತ ನಾವು ಹೇಳುವುದು 100 ಮೈಕ್ರೋಗ್ರಾಂ ದಾಟಿದಾಗ. ಅಂದರೆ ನಾಲ್ಕು ದಿನ ಸಾಕು. ಕೆಲವು ಕೋಟಿ ಸುರಿದು ಹೂಳು ತೆಗೆದ ಕೆರೆ, ಸಾವಿರ ಮನೆಯ ನಾಲ್ಕು ದಿನದ ಕೊಳಚೆಗೆ ಸೋಲುತ್ತದೆ. ಎಲ್ಲವೂ ನೀರಿನಲ್ಲೇ ಉಳಿಯುವುದಿಲ್ಲ, ಒಂದಷ್ಟು ಕೆಸರಿಗೆ ಇಳಿಯುತ್ತದೆ. ಆದರೆ ಇಳಿದದ್ದು ಸುಮ್ನೆ ಕೂರುವುದಿಲ್ಲ. ತಳದಲ್ಲಿ ಆಮ್ಲಜನಕ ಮುಗಿದಾಗ ಮತ್ತೆ ಮೇಲೆ ಬರುತ್ತದೆ. ಹೂಳು ತೆಗೆದ ಮೇಲೆ ನಿಮ್ಮ ಕೆರೆ ಎರಡು ವರ್ಷ ಚೆನ್ನಾಗಿದ್ದು ಆಮೇಲೆ ಕೆಟ್ಟಿದ್ದು ಹೀಗೆ. ಹಳೆ ಸಾಲ ತೀರಿಸಿದಿರಿ, ಹೊಸ ಸಾಲ ಅದೇ ವೇಗದಲ್ಲಿ ಬೆಳೆಯಿತು.

ಗಣೇಶನನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ. ಪ್ಲಾಸ್ಟರ್ ಮೂರ್ತಿ, ಸೀಸ ಬೆರೆತ ಬಣ್ಣ ಕೆರೆಗೆ ಒಳ್ಳೆಯದಲ್ಲ. ಪಕ್ಕದ ಕಲ್ಯಾಣಿಯಲ್ಲೇ ಬಿಡಿಸಿ, ಅದರಲ್ಲಿ ರಾಜಿ ಬೇಡ. ಆದರೆ ಅದು ವರ್ಷಕ್ಕೆ ನಾಲ್ಕೈದು ದಿನ. ಮ್ಯಾನ್‌ಹೋಲ್‌ಗೆ ರಜೆ ಇಲ್ಲ. ನಮ್ಮ ಮನೆಯ ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ನೋಡುವುದಕ್ಕಿಂತ ಬೇರೆಯವರ ಹಬ್ಬದ ಮೇಲೆ ಹಾಕುವುದು ಸುಲಭ, ಅಲ್ವಾ?

ಈಗ ನಿಮ್ಮ ನಿಜವಾದ ತಲೆನೋವಿಗೆ ಬರುತ್ತೇನೆ. ನಿಮ್ಮ ಕೆರೆಗೆ ಯಜಮಾನರಿಲ್ಲ ಅಂತ ಬರೆದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಲೆಕ್ಕ ಹಾಕಿ. ಜಾಗದ ದಾಖಲೆ, ಒತ್ತುವರಿ ಕಂದಾಯ ಇಲಾಖೆಯದು. ಏರಿ, ಬೇಲಿ, ನಿರ್ವಹಣೆ ಪಾಲಿಕೆಯ ಕೆರೆ ವಿಭಾಗದ್ದು. ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ, ಅದೇ ಪಾಲಿಕೆಯ ಇನ್ನೊಂದು ವಿಭಾಗದ್ದು. ಯುಜಿಡಿ (ಒಳಚರಂಡಿ) ಲೈನು ಮತ್ತು ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ಜಲಮಂಡಳಿಯದು. ನೀರಿನ ಗುಣಮಟ್ಟ, ಅಪಾರ್ಟ್‌ಮೆಂಟ್ ಎಸ್‌ಟಿಪಿಗಳ ಪರವಾನಗಿ ಮಾಲಿನ್ಯ ಮಂಡಳಿಯದು. ಮೀನು ಮೀನುಗಾರಿಕೆ ಇಲಾಖೆಯದು. ಇವರೆಲ್ಲರ ಮೇಲೆ ಕೆರೆ ಪ್ರಾಧಿಕಾರ. ಏಳು ಜನ. ಎಲ್ಲರಿಗೂ ಕೆರೆಯ ಒಂದೊಂದು ತುಂಡು ಗೊತ್ತು. ದಿನಕ್ಕೆ ಎಷ್ಟು ಕೊಳಚೆ, ಯಾವ ಕಾಲುವೆಯಿಂದ ಬರುತ್ತಿದೆ ಅಂತ ಕೇಳಿ ನೋಡಿ. ಆ ಒಂದು ಅಂಕಿ ಯಾರ ಕಡತದಲ್ಲೂ ಇರುವುದಿಲ್ಲ.

'ಒಂದೇ ಪ್ರಾಧಿಕಾರ ಮಾಡಿಬಿಟ್ಟರೆ ಸರಿ' ಅನ್ನುವ ಮಾತು ನಾನು ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಿದ್ದೇನೆ. ಮಾಡಿದ್ದೂ ಆಯಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. 2014ರಲ್ಲಿ ಕಾಯ್ದೆ ಮಾಡಿ ಹೊಸ ಪ್ರಾಧಿಕಾರ ತಂದರು. 2018ರಲ್ಲಿ ಅದಕ್ಕೆ ಮತ್ತೆ ಹೊಸ ರೂಪ ಕೊಟ್ಟರು. ಬೋರ್ಡು ಬದಲಾಯಿತು, ಕಾಲುವೆಯಲ್ಲಿ ಹರಿಯುವುದು ಬದಲಾಗಲಿಲ್ಲ. ಯಾಕೆಂದರೆ ಪೈಪು ಜಲಮಂಡಳಿಯ ಕೈಯಲ್ಲೇ ಇತ್ತು, ಬಜೆಟ್ಟೂ ಅಲ್ಲೇ ಇತ್ತು.

ಒಂದು ಉದಾಹರಣೆ ಹೇಳುತ್ತೇನೆ, ಸ್ವಲ್ಪ ದೂರದ್ದು. ಯುರೋಪಿನಲ್ಲಿ ಕಾನ್‌ಸ್ಟನ್ಸ್ ಅಂತ ಒಂದು ದೊಡ್ಡ ಸರೋವರ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ದೇಶ ಅದರ ದಡದಲ್ಲಿವೆ. ಮುಖ್ಯ ಸರೋವರದ ನಡುವೆ ದೇಶದ ಗಡಿ ಎಲ್ಲಿ ಅಂತ ಅವರು ಇವತ್ತಿಗೂ ಕೂತು ತೀರ್ಮಾನ ಮಾಡಿಕೊಂಡಿಲ್ಲ! ಆದರೆ 1959ರಲ್ಲೇ ನೀರಿಗಾಗಿ ಒಂದು ಜಂಟಿ ಆಯೋಗ ಮಾಡಿಕೊಂಡರು. ಅವರು ಹಿಡಿದದ್ದು ರಂಜಕದ ಒಂದೇ ಅಂಕಿಯನ್ನು. 1980ರ ಸುಮಾರಿಗೆ ಲೀಟರಿಗೆ 80 ಮೈಕ್ರೋಗ್ರಾಂ ದಾಟಿತ್ತು. ಸುತ್ತಲಿನ ಊರುಗಳ ಕೊಳಚೆ ಶುದ್ಧೀಕರಣಕ್ಕೆ ಹಣ ಹಾಕುತ್ತಾ ಹೋದರು. ಈಗ 10ಕ್ಕಿಂತ ಕಡಿಮೆ. ಅಲ್ಲಿನ ಮೀನುಗಾರರು ನೀರು ಅತಿಯಾಗಿ ಚೊಕ್ಕಟವಾಯಿತು, ಮೀನಿಗೆ ಊಟ ಸಾಲದು ಅಂತ ಗೊಣಗುವಷ್ಟು. ನಮ್ಮ ಕೆರೆಗಳಿಗೆ ಆ ಭಾಗ್ಯ ಸದ್ಯಕ್ಕೆ ಬೇಡ. ನಾನು ಹೇಳಲು ಹೊರಟಿದ್ದು ಇಷ್ಟೆ: ಗಡಿ ಯಾರದು ಅಂತ ಬಗೆಹರಿಯದೆಯೂ ಒಂದು ಅಂಕಿಯ ಸುತ್ತ ಕೆಲಸ ಮಾಡಬಹುದು. ನಿಮ್ಮ ಏಳು ಯಜಮಾನರ ವಿಷಯದಲ್ಲೂ ನಾನು ಅದನ್ನೇ ಹೇಳುವುದು.

ನಿಮ್ಮ ಅಂಕಿ ಯಾವುದು? ಒಳಹರಿವು. ಅದನ್ನು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಮಳೆ ಬಾರದೆ ಒಂದು ವಾರ ಆಗಿರುವ ದಿನ ಆರಿಸಿಕೊಳ್ಳಿ. ಆ ದಿನ ಕಾಲುವೆಯಲ್ಲಿ ಹರಿಯುವುದೆಲ್ಲ ಒಂದೋ ಹಸಿ ಕೊಳಚೆ, ಇಲ್ಲವೇ ಯಾವುದೋ ಎಸ್‌ಟಿಪಿಯ ನೀರು. ಬೆಳಿಗ್ಗೆ ಏಳಕ್ಕೆ ಹೋಗಿ, ಜನ ಸ್ನಾನ ಮಾಡಿ ಬಟ್ಟೆ ಒಗೆಯುವ ಹೊತ್ತು. ಕಾಲುವೆ ನೇರವಾಗಿರುವ ಕಡೆ ನೀರಿನ ಅಗಲ, ಆಳ ಅಳೆಯಿರಿ. ಒಂದು ಎಲೆ ಹಾಕಿ, ಒಂದು ಮೀಟರ್ ಹೋಗಲು ಎಷ್ಟು ಸೆಕೆಂಡ್ ಅಂತ ನೋಡಿ. ಅಗಲ 60 ಸೆಂಟಿಮೀಟರ್, ಆಳ 10, ಎಲೆ ನಾಲ್ಕು ಸೆಕೆಂಡ್ ತೆಗೆದುಕೊಂಡಿತು ಅನ್ನಿ. ಸೆಕೆಂಡಿಗೆ 15 ಲೀಟರ್. ಮೇಲ್ಗಡೆ ನೀರು ತಳಕ್ಕಿಂತ ವೇಗವಾಗಿ ಹೋಗುವುದರಿಂದ ಸ್ವಲ್ಪ ಕಳೆದು 12 ಅಂತ ಇಟ್ಟುಕೊಳ್ಳಿ. ಮಧ್ಯಾಹ್ನ, ರಾತ್ರಿ ಹರಿವು ಕಡಿಮೆ, ಹಾಗಾಗಿ ದಿನದ ಸರಾಸರಿ ಅದರ ಅರ್ಧ. ಆದರೂ ದಿನಕ್ಕೆ 5 ಲಕ್ಷ ಲೀಟರ್. ಒಬ್ಬರು ದಿನಕ್ಕೆ 135 ಲೀಟರ್ ನೀರು ಬಳಸಿದರೆ ಅದರಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಳಚೆಯಾಗಿ ಹೊರಬರುತ್ತದೆ ಅನ್ನುವುದು ಎಂಜಿನಿಯರುಗಳ ಲೆಕ್ಕ. ಅಂದರೆ ನಾಲ್ಕೂವರೆ ಸಾವಿರ ಜನರ ಕೊಳಚೆ, ಅಂಗೈ ಆಳದ ಒಂದು ಹರಿವಿನಲ್ಲಿ. ಮೇಲಿನ ರಂಜಕದ ಲೆಕ್ಕ ನೆನಪಿದೆಯಲ್ಲ?

ಮೂರು ಕಾಲುವೆ, ನಾಲ್ಕು ವಾರ, ವಾರಕ್ಕೆ ಎರಡು ಸಲ. ಒಂದೇ ನೋಟ್‌ಬುಕ್. ಬಣ್ಣ, ವಾಸನೆ, ನೊರೆ ಕೂಡ ಬರೆಯಿರಿ. ಈ ನೋಟ್‌ಬುಕ್ ಇಲ್ಲದೆ ಸಭೆ ಕರೆದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಕಾಫಿ ಬರುತ್ತದೆ, ಎಲ್ಲರೂ 'ಸಮನ್ವಯ' ಅನ್ನುವ ಪದ ಹೇಳುತ್ತಾರೆ, ನಡಾವಳಿ ಬರೆಯುತ್ತಾರೆ. ನೋಟ್‌ಬುಕ್ ಇದ್ದರೆ ಮಾತು ಬೇರೆ. ಉತ್ತರದ ಕಾಲುವೆಯ 5 ಲಕ್ಷ ಲೀಟರ್ ಯಾರದು ಅಂತ ಕೇಳಬಹುದು.

ಆಮೇಲೆ ಜಂಟಿ ಸ್ಥಳ ಪರಿಶೀಲನೆ. ಜಲಮಂಡಳಿಯ ಸಹಾಯಕ ಎಂಜಿನಿಯರ್, ಪಾಲಿಕೆಯ ರಾಜಕಾಲುವೆ ಎಂಜಿನಿಯರ್, ಮಾಲಿನ್ಯ ಮಂಡಳಿಯವರು ಒಬ್ಬರು, ನೀವು. ಒಂದೇ ದಿನ, ಒಟ್ಟಿಗೆ, ಕೆರೆಯಿಂದ ಮೇಲಕ್ಕೆ ಕಾಲುವೆಗುಂಟ ನಡೆಯಬೇಕು. ಬೇರೆ ಬೇರೆ ದಿನ ಬಂದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಹೋಗುತ್ತಾರೆ. ದಯವಿಟ್ಟು ಆ ಭಾಗದ ವಾಲ್ವ್‌ಮನ್, ಮ್ಯಾನ್‌ಹೋಲ್ ಬ್ಲಾಕ್ ತೆಗೆಯುವ ಗಾಡಿಯವರನ್ನೂ ಕರೆಯಿರಿ. ನಕ್ಷೆಯಲ್ಲಿ ಇಲ್ಲದ್ದೆಲ್ಲ ಅವರ ತಲೆಯಲ್ಲಿದೆ. ಹಿಂದೆ ಕೆರೆಗೆ ನೀರುಗಂಟಿ ಇರುತ್ತಿದ್ದ, ಯಾವ ತೂಬು ಎಷ್ಟು ಎತ್ತಬೇಕು ಅಂತ ಅವನಿಗೆ ಗೊತ್ತಿತ್ತು. ಈಗಿನ ನೀರುಗಂಟಿಗಳು ಇವರೇ. ಕಾಲುವೆಗೆ ಬೀಳುವ ಪ್ರತಿ ಪೈಪಿಗೂ ನಂಬರ್ ಹಾಕಿ, ಫೋಟೋ ತೆಗೆದು, ಯಾರ ಹೊಣೆ ಅಂತ ಅಲ್ಲೇ ಬರೆದು, ಎಲ್ಲರ ಸಹಿ ತೆಗೆದುಕೊಳ್ಳಿ.

ಏನು ಸಿಗುತ್ತದೆ? ಅನುಭವದಿಂದ ಹೇಳುವುದಾದರೆ ನಾಲ್ಕು ಬಗೆ. ಯುಜಿಡಿ ಲೈನ್ ಹಾಕಿದ್ದಾರೆ, ಆದರೆ ಬೀದಿಯ ಮನೆಗಳು ಕನೆಕ್ಷನ್ ತೆಗೆದುಕೊಂಡಿಲ್ಲ. ಲೈನ್ ಎಲ್ಲೋ ಬ್ಲಾಕ್ ಆಗಿದೆ, ಮ್ಯಾನ್‌ಹೋಲ್ ಉಕ್ಕಿ ಚರಂಡಿಗೆ ಬೀಳುತ್ತಿದೆ, ಅಥವಾ ಉಕ್ಕಬಾರದು ಅಂತ ಯಾರೋ ಬೇಕೆಂದೇ ಒಂದು ಪೈಪ್ ಕೊಟ್ಟು ಕಾಲುವೆಗೆ ತಿರುಗಿಸಿದ್ದಾರೆ. ಅಪಾರ್ಟ್‌ಮೆಂಟಿನ ಎಸ್‌ಟಿಪಿ ರಾತ್ರಿ ಬೈಪಾಸ್ ಆಗುತ್ತಿದೆ, ಅಂದರೆ ಕೊಳಚೆ ಶುದ್ಧವಾಗದೆ ಹೊರಬೀಳುತ್ತಿದೆ. ಇಲ್ಲವೇ ಗುಂಡಿಗಳ ಕೊಳಚೆ ಹೀರಿ ಒಯ್ಯುವ ಸಕ್ಕಿಂಗ್ ಟ್ಯಾಂಕರ್ ಕತ್ತಲಲ್ಲಿ ಬಂದು ಸುರಿದು ಹೋಗುತ್ತಿದೆ. ಮೊದಲೆರಡು ಜಲಮಂಡಳಿಯ ಕೆಲಸ. ಮೂರನೆಯದು ಮಾಲಿನ್ಯ ಮಂಡಳಿಯದು. 1974ರ ಜಲ ಕಾಯ್ದೆಯಲ್ಲಿ ಅವರಿಗೆ ವಿದ್ಯುತ್, ನೀರು ಕಡಿತ ಮಾಡಿಸುವಷ್ಟು ಅಧಿಕಾರ ಇದೆ. ನಾಲ್ಕನೆಯದಕ್ಕೆ ಪೊಲೀಸರು ಬೇಕು, ಒಂದು ಕ್ಯಾಮೆರಾ ಕೂಡ.

ಒಂದು ಎಚ್ಚರಿಕೆ. ನಿಮ್ಮದು 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಭಾಗವಾಗಿದ್ದರೆ ಪರಿಸ್ಥಿತಿ ಇನ್ನೂ ಬಿಗಿಯಾಗಬಹುದು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಚಾಲೂ ಆಯಿತು, ಈ ಹಳ್ಳಿಗಳಿಗೆಂದೇ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯ. ನಲ್ಲಿಯಲ್ಲಿ ಕಾವೇರಿ ಬಂತು ಅಂತ ಎಲ್ಲರಿಗೂ ಖುಷಿ, ನನಗೂ. ಆದರೆ ಬಂದ ನೀರಿನಲ್ಲಿ ಹೆಚ್ಚಿನದು ಕೊಳಚೆಯಾಗಿ ಹೊರಗೆ ಹೋಗಲೇಬೇಕು. ಯುಜಿಡಿ ಕನೆಕ್ಷನ್ ಆಗದ ಬೀದಿಯಲ್ಲಿ ಅದು ಹೋಗುವುದು ಎಲ್ಲಿಗೆ? ನಿಮ್ಮ ಕೆರೆಗೆ. ನೀರಿನ ಕನೆಕ್ಷನ್ನೂ ಒಳಚರಂಡಿ ಕನೆಕ್ಷನ್ನೂ ಒಟ್ಟಿಗೆ ಆಗುವಂತೆ ಈಗಲೇ ಕೂಗು ಹಾಕಿ. ತಡವಾದರೆ ಕಷ್ಟ.

'ಮೂರೂ ಕಾಲುವೆ ಮುಚ್ಚಿಸಿ' ಅನ್ನುವವರಿಗೆ ಏನು ಹೇಳಲಿ? ಕೆರೆ ಸುತ್ತ ಡೈವರ್ಷನ್ ಡ್ರೈನ್ ಹಾಕಿ ಕೊಳಚೆಯನ್ನು ಕೋಡಿಯ ಕೆಳಗೆ ಬಿಡುವುದು ನಮ್ಮಲ್ಲಿ ಬಹಳ ನಡೆದಿದೆ. ಅದರಿಂದ ನಿಮ್ಮ ಕೆರೆ ಉಳಿಯಬಹುದು, ಕೆಳಗಿನ ಕೆರೆ ಸಾಯುತ್ತದೆ. ಬೆಂಗಳೂರಿನ ಕೆರೆಗಳು ಸರಪಳಿ. ಮೇಲಿನದರ ಕೋಡಿ ಬಿದ್ದರೆ ಕೆಳಗಿನದು ತುಂಬುತ್ತದೆ. ಎಲ್ಲರೂ ಹೀಗೆ ಮುಂದಕ್ಕೆ ತಳ್ಳಿದ್ದು ಕೊನೆಗೆ ಸುಮಾರು 900 ಎಕರೆಯ ಬೆಳ್ಳಂದೂರಿಗೆ ಬಂದು ಸೇರಿತು. ಅಲ್ಲಿ ನೊರೆ ರಸ್ತೆಗೆ ಹಾರಿತು, ಕೆರೆಗೆ ಬೆಂಕಿಯೂ ಬಿತ್ತು. ಇನ್ನೊಂದು ಅಪಾಯ, ಬೇಸಿಗೆಯಲ್ಲಿ ನಿಮ್ಮ ಕೆರೆ ಒಣಗಬಹುದು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯವರಿಗೆ ಈ ಕಷ್ಟ ಗೊತ್ತು. 2010ರಲ್ಲಿ ಅಲ್ಲಿನ ನಿವಾಸಿಗಳೇ ಟ್ರಸ್ಟ್ ಕಟ್ಟಿದರು, ಮರುವರ್ಷ ಪಾಲಿಕೆ ಜೊತೆ ಒಪ್ಪಂದ ಆಯಿತು. ಕೊಳಚೆ ನಿಂತ ಮೇಲೆ ಕೆರೆಗೆ ನೀರೇ ಸಾಲದು. ಮುಂದೆ ಪಕ್ಕದ ಅಪಾರ್ಟ್‌ಮೆಂಟ್ ಸಮುಚ್ಚಯದ ಶುದ್ಧೀಕರಿಸಿದ ನೀರು ಕೆರೆಗೆ ಬರುವಂತೆ ಮಾಡಿದರು.

ನನಗೆ ಹೆಚ್ಚು ಒಪ್ಪಿಗೆಯಾಗುವ ದಾರಿ ಬೆಂಗಳೂರಿನ ಉತ್ತರದ ಜಕ್ಕೂರಿನದು. 160 ಎಕರೆಯ ಕೆರೆ. ಮೇಲ್ಭಾಗದಲ್ಲಿ ಜಲಮಂಡಳಿಯ ಎಸ್‌ಟಿಪಿ, ಶುರುವಿನಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ್ದು. ಶುದ್ಧವಾದ ನೀರು ನೇರ ಕೆರೆಗೆ ಬೀಳುವುದಿಲ್ಲ, ಮೊದಲು ಜೊಂಡು, ಆಪು ಬೆಳೆದ ಜೌಗಿನ ಮೂಲಕ ಹಾಯುತ್ತದೆ. ಎಸ್‌ಟಿಪಿ ಕೊಳೆತ ಅಂಶ ತೆಗೆಯುತ್ತದೆ, ಸಾಮಾನ್ಯ ಎಸ್‌ಟಿಪಿಗಳು ರಂಜಕವನ್ನು ಅಷ್ಟಾಗಿ ತೆಗೆಯುವುದಿಲ್ಲ. ಉಳಿದದ್ದರಲ್ಲಿ ಒಂದಷ್ಟನ್ನು ಜೌಗು ಹಿಡಿಯುತ್ತದೆ. ಅಲ್ಲಿ ಮೀನುಗಾರಿಕೆ ನಡೆಯುತ್ತದೆ, ಸುತ್ತಲಿನ ಬಾವಿಗಳಿಗೆ ನೀರು ಬಂತು. ಜಲಮಂಡಳಿ, ಪಾಲಿಕೆ, ಮೀನುಗಾರರು, ಸ್ಥಳೀಯ ಟ್ರಸ್ಟ್, ವಿಜ್ಞಾನಿಗಳು ಎಲ್ಲರ ಕೈ ಅದರಲ್ಲಿದೆ. ಅಲ್ಲೂ ಎಲ್ಲ ಸುಸೂತ್ರ ಅಲ್ಲ. ಮಳೆನೀರಿನ ಕಾಲುವೆಯಲ್ಲಿ ಹಸಿ ಕೊಳಚೆ ನುಗ್ಗಿದ್ದೂ ಇದೆ. ಜೌಗಿಗೆ ಬೇರೆ ಆರೈಕೆ ಬೇಕು. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ ಅಲ್ಲೇ ಕೊಳೆತು, ಹಿಡಿದ ರಂಜಕವನ್ನೆಲ್ಲ ವಾಪಸ್ ಕೊಡುತ್ತದೆ.

ಈಗ ಆ 40 ಲಕ್ಷ. ಏರೇಟರ್ ತಪ್ಪಲ್ಲ, ಆದರೆ ಅದು ಐಸಿಯು ಆಕ್ಸಿಜನ್ ಸಿಲಿಂಡರ್ ಇದ್ದ ಹಾಗೆ. ಮೇ ತಿಂಗಳಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಏಳರವರೆಗೆ ಓಡಿಸಿದರೆ ಒಂದಷ್ಟು ಮೀನು ಉಳಿಯುತ್ತವೆ. ಜನರಿಗೆ ಕಾಣಲಿ ಅಂತ ಸಂಜೆ ಆರಕ್ಕೆ ಕಾರಂಜಿ ಹಾಗೆ ಓಡಿಸುವುದನ್ನು ನೋಡಿದ್ದೇನೆ. ಅದರಿಂದ ಫೋಟೋ ಚೆನ್ನಾಗಿ ಬರುತ್ತದೆ. ಆಳವಿಲ್ಲದ ಕಡೆ ಜೋರಾಗಿ ಓಡಿಸಿದರೆ ತಳದ ಕೆಸರು ಎದ್ದು ಕೆಟ್ಟದ್ದೇ ಆಗುತ್ತದೆ. ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅಂತ ಮೊದಲೇ ಕೇಳಿ. ತೇಲುವ ತೋಟ ಸಣ್ಣ ಕುಂಟೆಗೆ ಸರಿ. 30 ಎಕರೆಯಲ್ಲಿ ಹತ್ತಿಪ್ಪತ್ತು ತೆಪ್ಪ ಬಿಟ್ಟರೆ ಹಕ್ಕಿಗೆ ಕೂರಲು ಜಾಗ ಆಗುತ್ತದೆ, ಅದೂ ಒಳ್ಳೆಯದೇ. ಆದರೆ ದಿನಕ್ಕೆ ಆರು ಕೆಜಿ ರಂಜಕದ ಎದುರು ಅದು ಲೆಕ್ಕಕ್ಕೆ ಬರುವುದಿಲ್ಲ. ಎಂಜೈಮ್ ದ್ರಾವಣಕ್ಕೆ ಮಾತ್ರ ನಾನು ಒಂದು ಪೈಸೆಯನ್ನೂ ಹಾಕಬೇಡಿ ಅನ್ನುತ್ತೇನೆ. ನಿಮ್ಮ ಕೆರೆಯಲ್ಲಿ ಬ್ಯಾಕ್ಟೀರಿಯಾಗೆ ಬರ ಇಲ್ಲ, ಅವುಗಳಿಗೆ ಬೇಕಾದ ಆಮ್ಲಜನಕಕ್ಕೆ ಬರ. ಮಾರುವವರು ಮೊದಲು-ಆಮೇಲೆ ಅಂತ ಎರಡು ಬಾಟಲಿ ತೋರಿಸುತ್ತಾರೆ. ಆ ನೀರು ಯಾವ ಹೊತ್ತಿನಲ್ಲಿ ತುಂಬಿದ್ದು, ಯಾವ ಕಡೆಯದು, ಆ ತಿಂಗಳು ಮಳೆ ಎಷ್ಟಾಯಿತು ಅಂತ ಕೇಳಿ. ಮಾತು ಬೇರೆ ಕಡೆ ಹೋಗುತ್ತದೆ.

ಕಂಪನಿಯನ್ನು ವಾಪಸ್ ಕಳಿಸಬೇಡಿ. ಹಣವನ್ನು ಕೆರೆಯ ಒಳಗಿನಿಂದ ಕಾಲುವೆಯ ಬಾಯಿಗೆ ತಿರುಗಿಸಿ. ಒಳಹರಿವಿನಲ್ಲಿ ಕಸ ತಡೆಯುವ ಜಾಲರಿ, ಮೊದಲ ಮಳೆಯ ಕೆಸರು ನಿಲ್ಲಿಸುವ ಹೊಂಡ, ಅದರ ಹಿಂದೆ ಸಣ್ಣ ಜೌಗು. ಒಂದು ಒಳ್ಳೆಯ ಆಮ್ಲಜನಕ ಮೀಟರ್. ಮುಖ್ಯವಾಗಿ ಮೂರು ವರ್ಷ ಇಬ್ಬರು ಕೆಲಸಗಾರರ ಸಂಬಳ. ಸಿಎಸ್‌ಆರ್‌ನವರು ಸಂಬಳಕ್ಕೆ ಹಣ ಕೊಡಲು ಹಿಂಜರಿಯುತ್ತಾರೆ, ಫಲಕ ಹಾಕಲು ಜಾಗ ಇಲ್ಲವಲ್ಲ. ನನ್ನ ಅನುಭವದಲ್ಲಿ ಹಣ ದಕ್ಕುವುದು ಅಲ್ಲೇ. ಹಿಂದೆ ಒಂದು ಕೆರೆಯಲ್ಲಿ ನಾನೇ ಸಲಹೆ ಕೊಟ್ಟು ಚೆಂದದ ಜೌಗು ಮಾಡಿಸಿದ್ದೆ, ನಿರ್ವಹಣೆಗೆ ಒಂದು ಸಾಲೂ ಬರೆಸಿರಲಿಲ್ಲ. ಎರಡನೇ ವರ್ಷ ಹೋದಾಗ ಜೊಂಡಿನ ಮೇಲೆ ಕಟ್ಟಡದ ಅವಶೇಷ ಸುರಿದಿದ್ದರು. ಆ ತಪ್ಪು ನನ್ನದೇ.

ಒಪ್ಪಂದದ ವಿಷಯ. 2020ರ ಮಾರ್ಚ್‌ನಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶ ಬಂದ ಮೇಲೆ ಕೆರೆಗಳಿಗೆ ಖಾಸಗಿಯವರ ಜೊತೆ ಹೊಸ ಒಪ್ಪಂದ ಮಾಡುವುದು ನಿಂತಿತ್ತು. 2025ರಲ್ಲಿ ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಹಾಗಾಗಿ ನಿಮ್ಮ ಕೆರೆ ಈಗ ಯಾವ ಪಾಲಿಕೆಯ ಯಾವ ಎಂಜಿನಿಯರ್ ಕೈಯಲ್ಲಿದೆ, ಸಹಿ ಹಾಕುವ ಅಧಿಕಾರ ಯಾರಿಗಿದೆ ಅಂತ ಮೊದಲು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಟ್ರಸ್ಟ್ ಮತ್ತು ಕಂಪನಿ ಮಾತ್ರ ಕೂತು ಸಹಿ ಹಾಕಿದ ಕಾಗದಕ್ಕೆ ಬೆಲೆ ಇಲ್ಲ. ನಾಳೆ ಏನಾದರೂ ಎಡವಟ್ಟಾದರೆ ಸಿಕ್ಕಿಬೀಳುವುದು ನೀವು.

ಕೋರ್ಟು, ಎನ್‌ಜಿಟಿಗೆ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ) ಹೋಗೋಣವೇ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳುತ್ತಾರೆ. ಬೆಳ್ಳಂದೂರು ವಿಷಯದಲ್ಲಿ 2018ರ ಡಿಸೆಂಬರ್‌ನಲ್ಲಿ ಎನ್‌ಜಿಟಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ ಹಾಕಿತು. ಅಷ್ಟು ಆಗದಿದ್ದರೆ ಅಲ್ಲಿ ಯಾರೂ ಅಲುಗಾಡುತ್ತಿರಲಿಲ್ಲ, ಅದು ನಿಜ. ಆದರೆ ಕೇಸ್ ಬಿದ್ದ ಮೇಲೆ ಎಂಜಿನಿಯರ್ ನಿಮ್ಮ ಜೊತೆ ಕಾಲುವೆಯಲ್ಲಿ ನಡೆಯುವುದಿಲ್ಲ. ವಕೀಲರನ್ನು ಕೇಳಿ ಹೇಳುತ್ತೇನೆ ಅಂತಾನೆ. 30 ಎಕರೆ ಕೆರೆಗೆ ಮೊದಲು ನೋಟ್‌ಬುಕ್, ಆಮೇಲೆ ಸಹಿಯಾದ ಪಟ್ಟಿ. ಆರು ತಿಂಗಳಾದರೂ ಪಟ್ಟಿಯ ಒಂದು ಪೈಪೂ ಮುಚ್ಚದಿದ್ದರೆ ಆಗ ಯೋಚನೆ ಮಾಡಿ. ಅಷ್ಟರಲ್ಲಿ ನಿಮ್ಮ ಕೈಯಲ್ಲಿ ಸಾಕ್ಷಿಯೂ ಇರುತ್ತದೆ.

ಸಮಿತಿ ಮಾಡಿ, ಬೇಡ ಅನ್ನುವುದಿಲ್ಲ. ಏಳೆಂಟು ಜನ ಸಾಕು. ಮೀನುಗಾರರಲ್ಲಿ ಒಬ್ಬರು ಇರಲೇಬೇಕು, ಉತ್ತರದ ಕಾಲುವೆ ಬದಿಯ ಬೀದಿಯವರೂ ಒಬ್ಬರು. ಕೊಳಚೆ ಬಿಡುವವರು ಅಂತ ನೀವು ಬೈಯುತ್ತಿರುವ ಮನೆಗಳಲ್ಲಿ ಕನೆಕ್ಷನ್‌ಗೆ ಕಟ್ಟಲು ಹಣ ಇಲ್ಲದವರೇ ಜಾಸ್ತಿ ಇರಬಹುದು. ಅದಕ್ಕೊಂದು ದಾರಿ ಹುಡುಕುವುದು ಏರೇಟರ್‌ಗಿಂತ ಅಗ್ಗ. ಸಭೆಯನ್ನು ಕಚೇರಿಯಲ್ಲಿ ಮಾಡಬೇಡಿ, ಕಾಲುವೆಯ ಬಾಯಲ್ಲಿ ಬೆಳಿಗ್ಗೆ ಏಳಕ್ಕೆ ನಿಂತುಕೊಂಡೇ ಮಾಡಿ. ಬೇಗ ಮುಗಿಯುತ್ತದೆ.

ಮುಂದಿನ ಬೇಸಿಗೆಗೆ ಎರಡು ಕೆಲಸ ಈಗಲೇ ಬರೆದಿಟ್ಟುಕೊಳ್ಳಿ. ಏಪ್ರಿಲ್ ಮುಗಿಯುವುದರೊಳಗೆ ದೊಡ್ಡ ಮೀನುಗಳನ್ನು ಹಿಡಿದುಬಿಡಲು ಮೀನುಗಾರಿಕೆ ಇಲಾಖೆ ಮೂಲಕ ಗುತ್ತಿಗೆದಾರನ ಜೊತೆ ಮಾತಾಡಿ. ಮೀನು ಕಡಿಮೆಯಿದ್ದಷ್ಟೂ ಆಮ್ಲಜನಕಕ್ಕೆ ಪೈಪೋಟಿ ಕಡಿಮೆ, ಅವನಿಗೂ ನಷ್ಟ ಇಲ್ಲ. ಮಳೆಗೆ ಮುಂಚೆ ಕಾಲುವೆಯ ಕೆಸರನ್ನು ಪಾಲಿಕೆಯವರಿಂದ ತೆಗೆಸಿ. ತೆಗೆದು ದಡದಲ್ಲೇ ರಾಶಿ ಹಾಕಿ ಹೋಗುತ್ತಾರೆ, ಮಳೆ ಬಂದರೆ ಮತ್ತೆ ಕೆರೆಗೇ ಬರುತ್ತದೆ. ಲಾರಿ ಹತ್ತುವವರೆಗೆ ಯಾರಾದರೂ ಅಲ್ಲೇ ನಿಂತಿರಿ. ಒಂದು ವೇಳೆ ಮೀನು ಮತ್ತೆ ಸತ್ತರೆ ಅದೇ ದಿನ ಹೊರಗೆ ತೆಗೆಸಿ, ಕೊಳೆಯಲು ಬಿಟ್ಟರೆ ಉಳಿದ ಮೀನಿನ ಆಮ್ಲಜನಕವೂ ಹೋಗುತ್ತದೆ.

ನೋಟ್‌ಬುಕ್ಕಿನ ಮೊದಲ ನಾಲ್ಕು ವಾರದ ಪುಟಗಳನ್ನು ನನಗೆ ಕಳಿಸಿ. ಬೆಳಿಗ್ಗೆ ಹೊತ್ತು ಮಾತ್ರ ನೊರೆ ಅಂದಿದ್ದೀರಿ, ಅಂದರೆ ಬಟ್ಟೆ ಒಗೆದ ನೀರು ದೂರದಿಂದ ಬರುತ್ತಿಲ್ಲ, ಹತ್ತಿರದ್ದೇ. ಉತ್ತರದ ಕಾಲುವೆಯಲ್ಲಿ ಕೆರೆಯಿಂದ ಒಂದು ಕಿಲೋಮೀಟರ್ ಒಳಗೇ ಏನೋ ಸಿಗುತ್ತದೆ ಅಂತ ನನ್ನ ಊಹೆ. ನಡೆದು ನೋಡಿ, ತಪ್ಪಿದ್ದರೆ ಬರೆಯಿರಿ.